ಗುಂಡು ನಿಲ್ಲುವವರೆಗೆ

ಬೆಳಕು ಹರಿದ ಕೂಡಲೇ ನನಗೊಂದು ಕೆಲಸ. ನಡುಮನೆಯ ತೊಲೆಯಿಂದ ಇಳಿಬಿಟ್ಟ ದಾರದ ತುದಿಯಲ್ಲಿ ನಿಂಬೆಹಣ್ಣಿನ ಗಾತ್ರದ ಕಬ್ಬಿಣದ ಗುಂಡಿದೆ. ಅದನ್ನು ಒದ್ದೆಬಟ್ಟೆಯಲ್ಲಿ ಒರೆಸುತ್ತೇನೆ. ಕೆಳಗೆ ನೆಲದ ಮೇಲಿರುವ ನಿನ್ನೆಯ ಕುಂಕುಮವನ್ನು ಅಳಿಸಿ, ಕಲ್ಲಿನಲ್ಲಿ ಕೊರೆದ ಗುರುತಿನ ಮೇಲೆಯೇ ಹೊಸ ಬೊಟ್ಟಿಡುತ್ತೇನೆ. ಕೈ ತಾಗಿದ್ದರಿಂದ ಗುಂಡು ಆಡುತ್ತಿರುತ್ತದೆ. ಅದು ನಿಲ್ಲುವವರೆಗೆ ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ. ಅಮ್ಮ ಒಲೆ ಬಿಟ್ಟು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಾಳೆ. ಅಣ್ಣ ಬೇವಿನಕಡ್ಡಿಯನ್ನು ಬಾಯಲ್ಲಿಟ್ಟುಕೊಂಡೇ ನಿಲ್ಲುತ್ತಾನೆ. ಅತ್ತಿಗೆ ಅರ್ಧ ಹೆಣೆದ ಜಡೆಯನ್ನು ಮುಷ್ಟಿಯಲ್ಲಿ ಹಿಡಿದು ನಿಲ್ಲುತ್ತಾಳೆ. ನಾನು ಬಟ್ಟೆ ಹಿಂಡಿಟ್ಟು, ಬಡಗಲ ಗೋಡೆಗೆ ಅಂಟಿಕೊಂಡ ಜಗಲಿಯ ಮೇಲೆ ಹೋಗಿ ಕೂತು, ಕೆಂಪು ಕಂಬಳಿಯನ್ನು ಹೆಗಲ ತುಂಬ ಹೊದೆಯುತ್ತೇನೆ. ಗುಂಡು ಆ ಕಡೆ ಈ ಕಡೆ ಹುಡುಕಾಡಿ, ಕೊನೆಗೆ ಬೊಟ್ಟಿನ ಮೇಲೆ ಬಂದು ನಿಲ್ಲುತ್ತದೆ. ಆಗ ಅಣ್ಣ ಕಡ್ಡಿ ತೆಗೆದು “ಸರಿ” ಎನ್ನುತ್ತಾನೆ. ನಮ್ಮ ಮನೆಯಲ್ಲಿ ದಿನದ ಮೊದಲ ಮಾತು ಅದು. ಒಂಬತ್ತು ವರ್ಷದಿಂದ ನಾನು ಸರಿಯಾಗಿದ್ದೇನೆ.

ನಮ್ಮೂರಲ್ಲಿ ಮನೆಗಳು ವಾಲುತ್ತವೆ. ಕಣ್ಣಿಗೆ ಯಾವ ಕಡೆ ಹೆಚ್ಚು ಕಾಣುತ್ತದೋ ಆ ಕಡೆಗೆ. ತಕ್ಕಡಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬಿಳಿ ಗೋಡೆಗೆ ಒಂದು ಕರಿ ಟೋಪಿ ನೇತುಹಾಕಿದರೆ ಅದು ಎದುರಿನ ಒರಳುಕಲ್ಲಿಗಿಂತ ಭಾರವಾದೀತು. ಕತ್ತಲಾದ ಮೇಲೆ ಮನೆಗಳಿಗೆ ಬಿಡುವು. ಏನೂ ಕಾಣದಿದ್ದಾಗ ಅವು ಇದ್ದಲ್ಲೇ ಇರುತ್ತವೆ. ಬೀದಿಯ ಕೊನೆಯ ಬಳೆಗಾರತಿ ಗಂಡ ಸತ್ತ ಮೇಲೆ ಅವನು ಕೂರುತ್ತಿದ್ದ ಕಡೆ ಒಂದು ಬೂದುಗುಂಬಳಕಾಯಿ ಇಟ್ಟಿದ್ದಾಳೆ. ಕೊಳೆತರೆ ಬದಲಾಯಿಸುತ್ತಾಳೆ, ಬದಲಾಯಿಸಿದಾಗೆಲ್ಲ ಒಂದು ಸಲ ಅಳುತ್ತಾಳೆ. ಟೀ ಅಂಗಡಿಯವನು ಮಾತ್ರ ಯಾವ ಗೋಜಿಗೂ ಹೋಗಿಲ್ಲ. ಅವನ ಅಂಗಡಿ ಮೂಡಲಿಗೆ ವಾಲಿಯೇ ನಿಂತಿದೆ, ಲೋಟ ಜಾರದಂತೆ ಬೆರಳು ಅಡ್ಡ ಇಟ್ಟುಕೊಂಡು ಜನ ಹರಟೆ ಹೊಡೆಯುತ್ತಾರೆ. ಅಂಗಡಿಗಾದರೆ ನಡೆದೀತು. ಮನೆ ವಾಲಿದರೆ ಮೊದಲು ಬಾಗಿಲು ಬಿಗಿಯುತ್ತದೆ, ಆಮೇಲೆ ಗೋಡೆ ಬಿರಿಯುತ್ತದೆ, ಆಮೇಲೆ ಅಕ್ಕಪಕ್ಕದವರು ಬಂದು ಹೊಸಲಾಚೆ ನಿಂತು “ನಿಮ್ಮ ಮನೇಲಿ ಹೆಂಗಸರು ಇಲ್ವೇನು” ಎಂದು ಕೇಳುತ್ತಾರೆ.

ಊರಿನವರಿಗೆ ಗುಂಡು ಬೊಟ್ಟಿನ ಮೇಲಿದ್ದರೆ ಸಾಕು. ನನಗೆ ಸಾಲದು. ಇದು ಊರಿನ ಕಾಯಿದೆಯಲ್ಲ, ನನ್ನ ಹಣೆಬರಹ. ಒಂದು ಕಡೆ ಕಡಿಮೆಯಾದದ್ದನ್ನು ಕಂಡರೆ ನನಗೆ ಹಲ್ಲಿನ ಬೇರಿನಲ್ಲಿ ಜುಮ್ಮೆನ್ನುತ್ತದೆ. ತಟ್ಟೆಯ ಒಂದು ಕಡೆ ಪಲ್ಯವಿದ್ದು ಇನ್ನೊಂದು ಕಡೆ ಬರಿದಾಗಿದ್ದರೆ ತುತ್ತು ಇಳಿಯುವುದಿಲ್ಲ, ಉಪ್ಪನ್ನಾದರೂ ಹಾಕಿಕೊಳ್ಳುತ್ತೇನೆ. ಬಾಗಿಲಿನ ಎಡಕ್ಕೆ ಎರಡು ಜೊತೆ ಚಪ್ಪಲಿ, ಬಲಕ್ಕೆ ಒಂದು ಜೊತೆ ಇದ್ದರೆ ಎದ್ದು ಹೋಗಿ ಆ ಒಂದು ಜೊತೆಯನ್ನು ಸ್ವಲ್ಪ ಅಗಲಿಸಿ ಇಟ್ಟು ಬರುತ್ತೇನೆ. ನಮ್ಮತ್ತಿಗೆ ಕಮಲಾಕ್ಷಿಯ ಎಡಮೂಗಿನಲ್ಲಿ ನತ್ತು, ಬಲಗೆನ್ನೆಯ ಮೇಲೆ ಒಂದು ಮಚ್ಚೆ. ಅವಳು ನನ್ನನ್ನು ಎಷ್ಟೇ ಆಡಿಕೊಂಡರೂ ಅವಳ ಮುಖ ನೋಡುವುದು ನನಗೆ ಹಿತ. ಅಮ್ಮನ ಕೈ ನೋಡುವುದು ಕಷ್ಟ. ಅವಳ ಎಡಗೈ ಮಣಿಕಟ್ಟಿನ ಹತ್ತಿರ ಒಂದಿಷ್ಟು ಹೊರಕ್ಕೆ ತಿರುಗಿದೆ. ಅದು ಹಾಗಾದದ್ದು ನನ್ನಿಂದ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು.

ನಮ್ಮಪ್ಪ ಹಾಸಿಗೆ ಹೊಲಿಯುತ್ತಿದ್ದ. ಬಡಗಲ ಜಗಲಿಯ ಮೇಲೆ ಹತ್ತಿಯ ನಡುವೆ ಕೂತು, ದಬ್ಬಳಕ್ಕೆ ದಾರ ಪೋಣಿಸಿಕೊಂಡು ಅವನು ಹೊಲಿಯುತ್ತಿದ್ದರೆ, ಎದುರು ತೆಂಕಲ ಗೋಡೆಯ ಬಳಿ ರಾಗಿ ತುಂಬಿದ ಮಣ್ಣಿನ ವಾಡೆ ಇರುತ್ತಿತ್ತು. ಅಪ್ಪನೂ ವಾಡೆಯೂ ಒಂದೇ ಆಕಾರ. ಗುಂಡು ಅಲುಗುತ್ತಿರಲಿಲ್ಲ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಪ್ಪ ತೀರಿಕೊಂಡ. ಹನ್ನೊಂದನೇ ದಿನ ಅಣ್ಣ ಹಾಲೇಶ ಪಟ್ಟಣಕ್ಕೆ ಹೋಗಿ ಅಪ್ಪನ ಪಟ ಮಾಡಿಸಿಕೊಂಡು ಬಂದ. ಇದ್ದದ್ದು ಒಂದೇ ಒಂದು ಸಣ್ಣ ಚಿತ್ರ, ಯಾರದೋ ಮದುವೆಯ ಗುಂಪಿನಲ್ಲಿ ನಿಂತದ್ದು. ಅದನ್ನು ಬಾಗಿಲಿನಷ್ಟು ದೊಡ್ಡದು ಮಾಡಿಸಿ, ಅಂಗೈ ಅಗಲದ ಕಪ್ಪು ಚೌಕಟ್ಟು ಹಾಕಿಸಿದ್ದ. ಹಿಗ್ಗಿಸಿದಾಗ ಅಪ್ಪನ ಮೀಸೆಯ ಒಂದು ಕಡೆ ಮಾಸಿಹೋಗಿ, ಸ್ಟುಡಿಯೋದವನು ಅದನ್ನು ಕುಂಚದಲ್ಲಿ ಬರೆದಿದ್ದ. ಬರೆದ ಮೀಸೆ ನಿಜವಾದ ಮೀಸೆಗಿಂತ ದಪ್ಪ. ತೀರಿಕೊಂಡವರ ಪಟ ತೆಂಕಲ ಗೋಡೆಗೇ ಇರಬೇಕು ಎಂದು ಅದನ್ನು ವಾಡೆಯ ಮೇಲ್ಗಡೆ ತೂಗುಹಾಕಿ, ತೋಳುದ್ದದ ಹಾರ ಹಾಕಿದರು.

ಅವತ್ತೇ ಮನೆ ತೆಂಕಲಿಗೆ ವಾಲಿತು.

ಅಪ್ಪನ ಜಾಗ ಖಾಲಿಯಾಯಿತಲ್ಲ, ಅದಕ್ಕೇ ಎಂದರು ಎಲ್ಲರೂ. ನಾನೂ ಹಾಗೇ ಅಂದುಕೊಂಡೆ. ಜಗಲಿಯ ಮೇಲೆ ಹತ್ತಿಯ ಮೂಟೆ ಇಟ್ಟರು, ರುಬ್ಬುವ ಕಲ್ಲು ಇಟ್ಟರು, ಅಪ್ಪನ ಅಂಗಿಗೆ ಹುಲ್ಲು ತುಂಬಿ ಕೂರಿಸಿದರು. ಅದನ್ನು ನೋಡಿ ಅಮ್ಮ ಎರಡು ದಿನ ಊಟ ಬಿಟ್ಟಳು. ಯಾವುದಕ್ಕೂ ಗುಂಡು ಒಪ್ಪಲಿಲ್ಲ. ಒಂದು ದಿನ ನನಗೆ ಜ್ವರ ಬಂದು, ಶಾಲೆಯಿಂದ ಬೇಗ ಬಂದವಳು ಚೀಲ ಹೆಗಲಲ್ಲಿದ್ದಂತೆಯೇ ಆ ಜಗಲಿಯ ಮೇಲೆ ಮುದುಡಿ ಕೂತೆ. ಗುಂಡು ಮೆಲ್ಲಗೆ ಬಂದು ಬೊಟ್ಟಿನ ಮೇಲೆ ನಿಂತಿತು. ಅಮ್ಮ ಅದನ್ನು ನೋಡಿದಳು, ನನ್ನನ್ನು ನೋಡಿದಳು. “ಅಲ್ಲೇ ಇರವ್ವ,” ಎಂದಳು. ನಾನು ಅಲ್ಲೇ ಇದ್ದೇನೆ.

ಬೆಳಗಿನಿಂದ ದೀಪ ಹಚ್ಚುವವರೆಗೆ. ನಡುವೆ ಎರಡು ಬಿಂದಿಗೆ ನೀರು ತರುವಷ್ಟು ಹೊತ್ತು ಎದ್ದರೆ ಮನೆ ಸಹಿಸಿಕೊಳ್ಳುತ್ತದೆ, ಅದಕ್ಕಿಂತ ಹೆಚ್ಚಾದರೆ ಸಹಿಸುವುದಿಲ್ಲ. ಆ ವರ್ಷದ ಕೊನೆಯ ಪರೀಕ್ಷೆಗೆ ಮಾತ್ರ ನಾನು ಯಾರಿಗೂ ಹೇಳದೆ ಹೋಗಿದ್ದೆ. ಲೆಕ್ಕದ ಪರೀಕ್ಷೆ. ಸಮೀಕರಣದ ಎರಡು ಕಡೆಯೂ ಸಮ ಮಾಡಬೇಕಿತ್ತು, ಅದು ನನಗೆ ನೀರು ಕುಡಿದಷ್ಟು ಸುಲಭ. ಎಲ್ಲವನ್ನೂ ಬರೆದು ಖುಷಿಯಾಗಿ ಮನೆಗೆ ಬಂದರೆ, ಅಡುಗೆಮನೆಯ ಗೋಡೆ ಬಿರಿದು, ಅಟ್ಟದ ಹಂಡೆ ಜಾರಿ ಅಮ್ಮನ ಕೈಮೇಲೆ ಬಿದ್ದಿತ್ತು. ಅಮ್ಮ ಬಯ್ಯಲಿಲ್ಲ. ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದು ನನಗೆ ಒಂದೇ ಕೈಯಲ್ಲಿ ಅನ್ನ ಬಡಿಸಿದಳು. ಬಯ್ದಿದ್ದರೆ ನಾನು ಮತ್ತೆ ಶಾಲೆಗೆ ಹೋಗುತ್ತಿದ್ದೆನೋ ಏನೋ.

ಆಮೇಲೆ ಅಣ್ಣನಿಗೆ ಮದುವೆಯಾಯಿತು. ಅತ್ತಿಗೆಯ ತವರಿನಿಂದ ಕಬ್ಬಿಣದ ಬೀರು ಬಂತು, ಕನ್ನಡಿ ಇರುವಂಥದ್ದು. ಅದು ಒಳಕೋಣೆಯ ಬಾಗಿಲಲ್ಲಿ ನುಗ್ಗಲಿಲ್ಲ. ತೆಂಕಲ ಗೋಡೆಗೇ, ವಾಡೆಯ ಪಕ್ಕ ನಿಲ್ಲಿಸಿದರು. ಗುಂಡು ನಾಲ್ಕು ಬೆರಳು ಆಚೆ ಹೋಯಿತು. ಬೀರು ತೆಗೆಯೋಣ ಎಂದು ಯಾರಿಗೂ ಹೊಳೆಯಲಿಲ್ಲ. ಸಂತೆಯಿಂದ ಕೆಂಪು ಕಂಬಳಿ ತಂದು ನನಗೆ ಹೊದಿಸಿದರು. ಗುಂಡು ವಾಪಸು ಬಂತು. “ನೋಡ್ರೀ, ನಮ್ಮ ನಾದಿನಿ ಬೀರುಗಿಂತ ಗಟ್ಟಿ,” ಎಂದು ಅತ್ತಿಗೆ ನಕ್ಕಳು. “ಕೀಲಿ ಒಂದಿಲ್ಲ ಅಷ್ಟೆ.” ಬೇಸಿಗೆಯಲ್ಲೂ ಆ ಕಂಬಳಿ. ಕುತ್ತಿಗೆಯಲ್ಲಿ ಬೆವರುಸಾಲೆ ಎದ್ದರೆ ಅಮ್ಮ ಗಂಧ ತೇಯ್ದು ಹಚ್ಚಿ ಮತ್ತೆ ಹೊದಿಸುತ್ತಾಳೆ. ಬೀರು ಬಂದ ಮೇಲೆ ಟಿ.ವಿ. ಬಂತು, ಅದೂ ಆ ಕಡೆಗೇ, ಯಾಕೆಂದರೆ ಪ್ಲಗ್ಗು ಇರುವುದು ಅಲ್ಲಿ. ನನಗೆ ದೊಡ್ಡ ಹೂವಿನ ರವಿಕೆ ಬಂತು. ನಾನು ಮಾತಿನವಳಲ್ಲ. ಬಂದದ್ದನ್ನು ಹಾಕಿಕೊಂಡು ಕೂತೆ. ಜಗಲಿಯ ಮೇಲೆ ಕೂತೇ ಅಪ್ಪನ ದಬ್ಬಳದಲ್ಲಿ ಹಾಸಿಗೆ ಹೊಲಿದೆ, ಅಣ್ಣ ಅವನ್ನು ಪೇಟೆಯ ಅಂಗಡಿಯಲ್ಲಿ ಮಾರಿದ. ಕಣ್ಣೆತ್ತಿದರೆ ಎದುರಿಗೆ ಅಪ್ಪನ ಒಂದು ಕಡೆ ದಪ್ಪ ಮೀಸೆ. ಒಂಬತ್ತು ವರ್ಷ ಅದನ್ನು ನೋಡುತ್ತ ಹಲ್ಲು ಕಚ್ಚಿದ್ದೇನೆ.

ನಾನು ಖುಷಿಯಾಗಿ ಕೂತಿದ್ದೇನೆ ಎಂದೇ ಅವರೆಲ್ಲ ತಿಳಿದಿದ್ದರು. ಚೊಂಬು ಒಂದು ಬೆರಳು ಓರೆಯಾದರೆ ಎದ್ದು ಸರಿಮಾಡುವವಳು ನಾನೇ ತಾನೆ. “ಇವಳಿಗೆ ಎಲ್ಲ ಸಮ ಇದ್ರೇನೇ ಜೀವ ನಿಲ್ಲೋದು” ಎಂದು ಅಣ್ಣ ಬಂದವರಿಗೆಲ್ಲ ಹೇಳುತ್ತಿದ್ದ. ಅದು ಸುಳ್ಳಲ್ಲ. ಗುಂಡು ಬೊಟ್ಟಿನ ಮೇಲೆ ನಿಂತ ಕ್ಷಣದಲ್ಲಿ ನನ್ನ ಒಳಗೂ ಏನೋ ಒಂದು ನಿಲ್ಲುತ್ತದೆ. ಆ ಹಿತಕ್ಕಾಗಿ ನಾನೇ ನನ್ನನ್ನು ಆ ಮೂಲೆಗೆ ಕಟ್ಟಿಹಾಕಿಕೊಂಡೆನಲ್ಲ ಎಂದು ನೆನೆದಾಗ ಕಂಬಳಿಯ ಒಳಗೆ ಉಗುರು ನನ್ನ ಅಂಗೈಗೇ ಊರುತ್ತದೆ.

ವರ್ಷಕ್ಕೊಮ್ಮೆ ನೋಟದವರು ಬರುತ್ತಾರೆ. ಮನೆಯೊಳಗೆ ಕಾಲಿಡುವುದಿಲ್ಲ. ಬೀದಿಯಲ್ಲಿ ನಿಂತು, ತೆರೆದ ಬಾಗಿಲಿನಿಂದ ಒಳಗೆ ನೋಡಿ “ನಿಂತೈತೆ” ಅಥವಾ “ವಾಲ್ತೈತೆ” ಎಂದು ಹೇಳಿ, ಒಂದು ಮೊರ ರಾಗಿ ತೆಗೆದುಕೊಂಡು ಮುಂದಿನ ಮನೆಗೆ ಹೋಗುತ್ತಾರೆ. ಕೇಳದೆ ಬುದ್ಧಿ ಹೇಳುವುದು ಅವರ ಪದ್ಧತಿಯಲ್ಲ. ಈ ಸಲ ಬಂದವಳು ಸಿದ್ದಮ್ಮ ಎಂಬ ಮುದುಕಿ. ಹೆಗಲಲ್ಲಿ ಬಟ್ಟೆಚೀಲ, ಕಾಲಲ್ಲಿ ಗಂಡಸರ ಚಪ್ಪಲಿ. ಅಮ್ಮ ರಾಗಿ ತರಲು ಒಳಗೆ ಹೋದಳು. ಮುದುಕಿ ಕಣ್ಣು ಕಿರಿದು ಮಾಡಿ ಒಳಗೆ ನೋಡುತ್ತಿದ್ದಳು. ಕಿಟಕಿಯ ಮೇಲಿದ್ದ ಹಿತ್ತಾಳೆ ದೀಪ ಸರಿಯಿಲ್ಲ ಎಂದು ನನಗೆ ಬೆಳಗಿನಿಂದ ಕಾಡುತ್ತಿತ್ತು. ತಡೆಯಲಾರದೆ ಎದ್ದು ಅದನ್ನು ಎರಡು ಬೆರಳು ಈಚೆ ಸರಿಸಿ ಬಂದು ಕೂತೆ.

“ನಾನು ಅದನ್ನೇ ಹೇಳಾಣ ಅಂತಿದ್ದೆ,” ಎಂದಳು ಸಿದ್ದಮ್ಮ. “ಹಿಂಗೆ ನೋಡೋದು ನಿನಗೆ ಯಾರೇ ಹೇಳ್ಕೊಟ್ರು?”

“ಯಾರೂ ಇಲ್ಲಜ್ಜಿ. ಹಲ್ಲು ಜುಮ್ ಅನ್ನುತ್ತೆ.”

“ನನಗೆ ಕಿವಿ ಹಿಂದೆ.” ಅವಳು ಹೊಸಲಾಚೆಯ ಕಲ್ಲಿನ ಮೇಲೆ ಕೂತಳು. “ಹೆಸರೇನು ಮಗಾ?”

“ದೇವೀರಿ.”

“ಕಂಬಳಿ ಯಾಕವ್ವ ದೇವೀರಿ, ಚಳಿಜ್ವರವಾ?”

“ಬೀರುಗೆ,” ಎಂದೆ. ಅವಳು ನಗಲಿಲ್ಲ. ಅಷ್ಟು ಹೊತ್ತಿಗೇ ನನಗೆ ಅವಳು ಇಷ್ಟವಾಗಿದ್ದಳು.

“ನನ್ನ ಕಣ್ಣಿಗೆ ಪೊರೆ ಬರ್ತಾ ಐತೆ,” ಎಂದಳು. “ಜೊತೆಗೆ ಒಬ್ಬಳು ಬೇಕು. ಈ ಊರು ಮುಗಿಸಿ ಹೊಳೆಯಾಚೆ ಹೋಗೋದು. ದಿನಾ ನಡೀಬೇಕು. ಊಟ ಸಿಕ್ಕಿದ ಕಡೆ, ಮಲಗೋದು ಛತ್ರದಲ್ಲಿ. ನಿನ್ನಂಥ ಕಣ್ಣು ಮೂಲೇಲಿ ಕೂತಿರೋದು ನೋಡಿದ್ರೆ ನನಗೆ ಸಿಟ್ಟು ಬರ್ತದೆ.”

ನನ್ನ ಪರವಾಗಿ ಇನ್ನೊಬ್ಬರಿಗೆ ಸಿಟ್ಟು ಬರಬಹುದು ಎಂದು ನನಗೆ ಗೊತ್ತಿರಲಿಲ್ಲ. “ನಾನೆದ್ದರೆ ಮನೆ ವಾಲುತ್ತೆ ಅಜ್ಜಿ,” ಎಂದೆ.

“ವರ್ಷದಾಗೆ ಒಂದು ದಿನಾನೂ ಏಳಲ್ವಾ?”

“ಹಿರಿಯರ ಹಬ್ಬದ ದಿನ ಏಳ್ತೀನಿ. ಅಡುಗೆ ನಂದೇ.”

“ಅವತ್ತು ವಾಲಲ್ವಾ?”

“ಇಲ್ಲ. ಅವತ್ತು ಅಪ್ಪ ಹಿಡ್ಕೊಂಡಿರ್ತಾನೆ.” ಅಮ್ಮ ಹಾಗೆ ಹೇಳುತ್ತಿದ್ದಳು. ಹಬ್ಬದ ದಿನ ತೀರಿಕೊಂಡವರು ಬರುತ್ತಾರೆ, ಬಂದು ಮನೆಗೆ ಹೆಗಲು ಕೊಡುತ್ತಾರೆ ಎಂದು. ಬೆಳಗಿನಿಂದ ಸಂಜೆಯವರೆಗೆ ನಾನು ಒಲೆಯ ಮುಂದೆ ಓಡಾಡಿಕೊಂಡಿದ್ದರೂ ಗುಂಡು ಅಲುಗುತ್ತಿರಲಿಲ್ಲ. ವರ್ಷದಲ್ಲಿ ಅದೊಂದು ದಿನ ಅಪ್ಪನ ಮೇಲೆ ನನಗೆ ಪ್ರೀತಿ ಉಕ್ಕುತ್ತಿತ್ತು.

“ನಿಮ್ಮಪ್ಪ ಅವತ್ತು ಎಲ್ಲಿರ್ತಾನೆ?” ಎಂದು ಮುದುಕಿ ಕೇಳಿದಳು.

“ಎಲ್ಲಿ ಅಂದ್ರೆ? ಪಟ ಇಳಿಸಿ ನಡುಮನೇಲಿ ಮಣೆ ಮೇಲೆ ಇಡ್ತೀವಿ. ಅಲ್ಲಿಗೇ ಎಡೆ.”

ಸಿದ್ದಮ್ಮ ತೆಂಕಲ ಗೋಡೆಯ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು. ಅಮ್ಮ ರಾಗಿ ತಂದಳು. ಚೀಲ ಹಿಡಿದು ಎದ್ದ ಮುದುಕಿ ನನ್ನ ಕಡೆಗೆ ಹೇಳಿದಳು: “ಬರೋ ಸೋಮವಾರ ನೀವು ಬೊಟ್ಟಿಡೋ ಹೊತ್ತಿಗೆ ಈ ಕಲ್ಲಿನ ಹತ್ರ ಇರ್ತೀನಿ. ಕರೆಯಾಕಿಲ್ಲ. ಹೊಸಲು ದಾಟಿ ಬಂದ್ರೆ ಕರ್ಕೊಂಡು ಹೋಗ್ತೀನಿ, ಇಲ್ಲಾಂದ್ರೆ ಹೊಳೆ ದಾಟ್ತೀನಿ.” ಹೋಗುವ ಮೊದಲು ಅಮ್ಮನಿಗೆ “ನಿಂತೈತೆ” ಎಂದಳು.

ಗುರುವಾರ ಅತ್ತಿಗೆಯ ತಂಗಿಯ ಮದುವೆ. ಅಮ್ಮ, ಅಣ್ಣ, ಅತ್ತಿಗೆ ಬೆಳಿಗ್ಗೆಯೇ ಹೊರಟರು. “ನಿನಗೆ ಲಾಡು ತರ್ತೀವಿ ಕಣೇ,” ಎಂದಳು ಅತ್ತಿಗೆ. ಒಂಬತ್ತು ವರ್ಷದಲ್ಲಿ ನಾನು ಕಂಡ ಮದುವೆಗಳೆಲ್ಲ ಲಾಡಿನ ರೂಪದಲ್ಲೇ. ಅವರು ಬೀದಿ ತಿರುಗಿದ ಮೇಲೆ, ಮುದುಕಿ ಕೇಳಿದ್ದನ್ನೇ ನೆನೆದು, ನಾನು ಸ್ಟೂಲು ಹಾಕಿಕೊಂಡು ಹತ್ತಿ, ಅಪ್ಪನ ಪಟವನ್ನು ಮೊಳೆಯಿಂದ ಬಿಡಿಸಿ ಇಳಿಸಿದೆ. ತೋಳು ಬಿದ್ದುಹೋಗುವಷ್ಟು ಭಾರ. ಅಡುಗೆಮನೆಯ ಗೋಡೆಗೆ ಒರಗಿಸಿ, ಬಂದು ಜಗಲಿಯ ಮೇಲೆ ಕೂತೆ. ಗುಂಡು ಬಡಗಲಿಗೆ, ನನ್ನ ಕಡೆಗೆ ವಾಲಿತು. ಅದು ಯಾವತ್ತೂ ನನ್ನ ಕಡೆಗೆ ಬಂದಿರಲಿಲ್ಲ. ನಾನು ಎದ್ದೆ. ಅದು ಸ್ವಲ್ಪ ಹಿಂದೆ ಸರಿಯಿತು. ಕಂಬಳಿ ಮಡಚಿ ಜಗಲಿಯ ಮೇಲಿಟ್ಟು ಹಿತ್ತಿಲಿಗೆ ಹೋದೆ. ಬಾವಿಕಟ್ಟೆಯ ಮೇಲೆ ಕೂತು ಬಿಸಿಲು ಕಾಯಿಸಿಕೊಂಡೆ. ಪಕ್ಕದ ಮನೆಯ ಎಮ್ಮೆ ನನ್ನನ್ನು ಗುರುತು ಹಿಡಿಯದೆ ತಲೆ ಎತ್ತಿ ನೋಡಿತು. ಬಿಸಿಲು ನೆತ್ತಿಗೆ ಬರುವವರೆಗೆ ಕೂತಿದ್ದು ಒಳಗೆ ಬಂದರೆ ಗುಂಡು ಬೊಟ್ಟಿನ ಮೇಲಿತ್ತು. ಮಡಚಿದ ಒಂದು ಕಂಬಳಿ ಸಾಕಾಗಿತ್ತು. ವಾಡೆ, ಬೀರು, ಟಿ.ವಿ. ಎಲ್ಲಕ್ಕೂ ಸೇರಿ ಒಂದು ಕಂಬಳಿ.

ಅಲ್ಲಿಯವರೆಗೆ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ. ಬಂದಾಗ ಅದು ಬಾಯಿಗೆ ಬರಲಿಲ್ಲ, ಕೈಗೆ ಬಂತು. ಮನೆಯಲ್ಲಿದ್ದ ಹನ್ನೆರಡು ಲೋಟಗಳನ್ನೂ ತಿಕ್ಕಿದೆ, ಕಪಾಟಿನಲ್ಲಿ ಆರು ಆರಾಗಿ ಜೋಡಿಸಿದೆ, ಕೆಡವಿದೆ, ಮತ್ತೆ ತಿಕ್ಕಿದೆ. ಅವರು ಬರುವ ಹೊತ್ತಿಗೆ ಪಟ ತನ್ನ ಮೊಳೆಯ ಮೇಲಿತ್ತು, ನಾನು ನನ್ನ ಜಗಲಿಯ ಮೇಲಿದ್ದೆ.

ಮರುದಿನ ಅಮ್ಮ ಸೊಪ್ಪು ಸೋಸುತ್ತಿದ್ದಾಗ ಅಡುಗೆಮನೆಗೆ ಹೋಗಿ ಹೇಳಿದೆ. ನಾನೆದ್ದರೆ ಮನೆ ವಾಲುವುದಿಲ್ಲ, ಪಟ ಅಲ್ಲಿರುವುದರಿಂದ ವಾಲುತ್ತದೆ ಎಂದೆ. ಅಮ್ಮ ಬೆಚ್ಚಿಬೀಳುತ್ತಾಳೆ, ನನ್ನನ್ನು ಹಿಡಿದು ಅಳುತ್ತಾಳೆ ಎಂದು ರಾತ್ರಿಯಿಡೀ ಅಂದುಕೊಂಡಿದ್ದೆ. ಅವಳು ಸೊಪ್ಪಿನ ಕಡ್ಡಿ ಮುರಿಯುವುದನ್ನು ನಿಲ್ಲಿಸಲಿಲ್ಲ.

“ಗೊತ್ತು,” ಎಂದಳು.

“ಏನು ಗೊತ್ತು?”

“ಎರಡನೇ ವರ್ಷದ ಎಡೆ ದಿನವೇ ಗೊತ್ತಾಯ್ತು. ಪಟ ಇಳಿಸಿದೆ, ನೀನು ಒಲೆ ಮುಂದಿದ್ದೆ, ಗುಂಡು ಸರಿಗಿತ್ತು. ಮಾರನೆ ದಿನ ಹಾಕಿದೆ, ಹೋಯ್ತು.”

ಎರಡನೇ ವರ್ಷ ನನಗೆ ಹದಿಮೂರು. ಜೊತೆಯವರು ಆಗಿನ್ನೂ ಏಳನೇ ಕ್ಲಾಸಿನಲ್ಲಿದ್ದರು. ನನ್ನ ಚೀಲ ಅಟ್ಟದ ಮೇಲೆ ಹಾಗೇ ಇತ್ತು. “ಯಾಕೆ ಹೇಳಲಿಲ್ಲ?” ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು.

“ಹೇಳಿ? ಪಟ ತೆಗೆದ್ರೆ ನಿಮ್ಮಪ್ಪ ಎಲ್ಲಿರಬೇಕು? ಅವರಿಗೆ ಇರೋದು ಅದೊಂದು ಜಾಗ. ನೀನಾದ್ರೆ ಎಲ್ಲಿದ್ರೂ ಇರ್ತೀಯ.” ಅವಳು ಕಡ್ಡಿಗಳನ್ನು ಒಂದು ಕಡೆ ಗುಡ್ಡೆ ಹಾಕಿದಳು, ಸೊಪ್ಪನ್ನು ಇನ್ನೊಂದು ಕಡೆ. “ನಿನಗೂ ಅಲ್ಲಿ ಕೂತ್ರೆ ಸಮಾಧಾನ ಅಂದ್ಕೊಂಡಿದ್ದೆ ಕಣವ್ವ. ಒಂದು ದಿನಾನಾದ್ರೂ ಒಲ್ಲೆ ಅಂದ್ಯಾ?”

ಅವಳ ತಿರುಚಿದ ಮಣಿಕಟ್ಟನ್ನು ನೋಡಿದೆ. ಆ ಕೈಗಾಗಿ ನಾನು ಒಂಬತ್ತು ವರ್ಷ ಒಲ್ಲೆ ಎನ್ನಲಿಲ್ಲ. ಆ ಹಂಡೆಯನ್ನು ಬೀಳಿಸಿದ್ದು ನಾನಲ್ಲ, ಬಾಗಿಲಿನಷ್ಟು ದೊಡ್ಡ ಪಟ. ಅದನ್ನೂ ಅವಳು ಏಳು ವರ್ಷದಿಂದ ಬಲ್ಲಳು.

ರಾತ್ರಿ ಊಟಕ್ಕೆ ಕೂತಾಗ ಅಣ್ಣನಿಗೆ ಹೇಳಿದೆ. ಸೋಮವಾರ ಸಿದ್ದಮ್ಮನ ಜೊತೆ ಹೋಗುತ್ತೇನೆ ಎಂಬುದನ್ನೂ ಹೇಳಿದೆ. ನಾನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ಅವನು ಕೇಳಿರಲಿಲ್ಲ, ಕೈಯಲ್ಲಿ ಮುದ್ದೆ ಹಿಡಿದೇ ಕೇಳಿದ.

“ಪಟಾನ ಬಡಗಲ ಗೋಡೆಗೆ ಹಾಕಿದ್ರಾಯ್ತು ಅಣ್ಣ. ಅಪ್ಪ ಕೂರ್ತಿದ್ದ ಕಡೆಗೇ. ನನ್ನ ಬದಲಿಗೆ.”

“ತೀರಿಕೊಂಡೋರ ಪಟ ಬಡಗಲ ಗೋಡೆಗೆ ಹಾಕ್ತಾರೇನೇ? ಊರು ಏನನ್ನುತ್ತೆ?”

“ಬದುಕಿರೋಳನ್ನ ಹಾಕಬಹುದಾ?”

ಅಣ್ಣ ಮುದ್ದೆ ನುಂಗಿದ. “ಬಾಯಿ ಬಂತು ನೋಡು ಇವಳಿಗೆ,” ಎಂದು ಅಮ್ಮನಿಗೆ ಹೇಳಿದ.

“ಹಂಗಾದ್ರೆ ಒಳಕೋಣೇಲಿ ಹಾಕು. ಅಲ್ಲಿ ತೆಂಕಲ ಗೋಡೆ ಐತೆ, ಒಳಕೋಣೆಗೆ ಗುಂಡಿಲ್ಲ.”

“ಶಿವನೇ,” ಎಂದಳು ಅತ್ತಿಗೆ. “ಮಾವನೋರು ಗೋಡೆ ಮೇಲಿಂದ ನೋಡ್ತಿದ್ರೆ ನಾವು ಅಲ್ಲಿ ಮಲಗೋದು ಹೆಂಗಮ್ಮ? ಸೆರಗು ಹೊದ್ದೇ ಮಲಗಬೇಕಾಗುತ್ತೆ.” ಅಣ್ಣ ನಕ್ಕ. ಅಮ್ಮ ಕೂಡ ತುಟಿ ಬಿಗಿದು ನಗು ತಡೆದಳು. ಅಡುಗೆಮನೆಯಲ್ಲಿ ಎಂದರೆ ಹೊಗೆ. ಸಣ್ಣ ಪಟ ಮಾಡಿಸೋಣ ಎಂದರೆ ಅಪ್ಪನನ್ನು ಕುಗ್ಗಿಸಿದಂತೆ. ಬೀರುವನ್ನಾದರೂ ಈ ಕಡೆ ತಂದಿಡಿ ಎಂದರೆ ಕನ್ನಡಿಗೆ ಬೆಳಕು ಬೀಳುವುದಿಲ್ಲ. ನಾಲ್ಕು ಗೋಡೆಯ ಮನೆಯಲ್ಲಿ ಪ್ರತಿ ವಸ್ತುವಿಗೂ ಅದರದೇ ಕಾರಣವಿತ್ತು. ಕಾರಣ ಬೇಡದೆ ಎಲ್ಲಿ ಬೇಕಾದರೂ ಇಡಬಹುದಾದದ್ದು ನಾನೊಬ್ಬಳೇ.

ಕೈ ತೊಳೆಯುವಾಗ ಅತ್ತಿಗೆ ನನ್ನ ಪಕ್ಕ ಬಂದು ನಿಂತಳು. ಆಗ ಅವಳ ದನಿಯಲ್ಲಿ ನಗುವಿರಲಿಲ್ಲ. “ನೀನು ಹೋದ ಮೇಲೆ ಇನ್ನೇನಾದ್ರೂ ಬರುತ್ತೆ ಆ ಕಡೆಗೆ. ಸೈಕಲ್ಲೋ, ತೊಟ್ಟಿಲೋ. ಆಗ ಈ ಜಗಲಿ ಮೇಲೆ ಯಾರನ್ನ ಕೂರಿಸ್ತಾರೆ ಹೇಳು ದೇವೀರಿ. ನಿಮ್ಮಣ್ಣನ್ನ ಕೂರಿಸ್ತಾರಾ?” ಅವಳ ನತ್ತು, ಮಚ್ಚೆ ಎರಡೂ ಚಿಮಣಿಯ ಬೆಳಕಿನಲ್ಲಿ ಸರಿಯಾಗಿ ಕಾಣುತ್ತಿದ್ದವು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಅದೂ ಒಂದು ಸಿಟ್ಟಾಗಿ ಉಳಿದ ಸಿಟ್ಟಿಗೆ ಸೇರಿತು.

ಶನಿವಾರ, ಭಾನುವಾರ ಯಾರೂ ಆ ಮಾತೆತ್ತಲಿಲ್ಲ. ಮನೆಯಲ್ಲಿ ಒಂದು ಮಾತು ಮುಗಿದುಹೋಗಿದೆ ಎಂದು ಎಲ್ಲರೂ ಒಟ್ಟಿಗೆ ತೀರ್ಮಾನಿಸಿದಾಗ ಹೇಗಿರುತ್ತದೋ ಹಾಗಿತ್ತು. ಅಮ್ಮ ನನಗಾಗಿ ಒಬ್ಬಟ್ಟು ಮಾಡಿದಳು. ಅಣ್ಣ ಹೊಸ ಕಂಬಳಿ ತಂದ, ತೆಳುವಾದದ್ದು, ಸೆಕೆಯಾಗದಂಥದ್ದು. ಇನ್ನೂ ಕೆಂಪು.

ಸೋಮವಾರ ಬೆಳಕು ಹರಿಯಿತು. ಬೀದಿ ಬಾಗಿಲು ತೆಗೆದಾಗ ಸಿದ್ದಮ್ಮ ಕಲ್ಲಿನ ಮೇಲೆ ಕೂತಿದ್ದಳು, ಚೀಲ ತೊಡೆಯ ಮೇಲೆ. ಅವಳು ನನ್ನ ಕಡೆ ತಿರುಗಲಿಲ್ಲ. ನಾನು ಗುಂಡು ಒರೆಸಿದೆ. ಹಳೆಯ ಕುಂಕುಮ ಅಳಿಸಿದೆ, ಹೊಸ ಬೊಟ್ಟಿಟ್ಟೆ. ಗುಂಡು ಆಡತೊಡಗಿತು. ಮೂವರೂ ಬಂದು ತಮ್ಮ ತಮ್ಮ ಜಾಗದಲ್ಲಿ ನಿಂತರು. ನನ್ನಂಥ ಮಾತು ಬಾರದವಳಿಗೆ ಆ ಮನೆಯಲ್ಲಿ ಅದೊಂದೇ ಹೊತ್ತು ಸಿಗುವುದು, ಯಾರೂ ನನಗೆ ಎದುರು ಮಾತಾಡಲಾಗದ ಹೊತ್ತು. ನಾನು ಜಗಲಿಯ ಕಡೆ ಹೋಗಲಿಲ್ಲ. ಸ್ಟೂಲು ಎಳೆದು ತೆಂಕಲ ಗೋಡೆಗೆ ಹಾಕಿದೆ.

ಅಣ್ಣನ ಬಾಯಿ ತೆರೆಯಿತು, ಬೇವಿನಕಡ್ಡಿ ನೆಲಕ್ಕೆ ಬಿತ್ತು. ಮಾತು ಬರಲಿಲ್ಲ. ಬರುವಂತಿರಲಿಲ್ಲ. ಅವನು ಕೈ ಎತ್ತಿ, ಬೇಡ ಎಂದು ಬೆರಳು ಆಡಿಸಿದ. ನಾನು ಹತ್ತಿ, ಹಾರದ ಸಮೇತ ಅಪ್ಪನನ್ನು ಇಳಿಸಿಕೊಂಡೆ. ಅಣ್ಣ ಒಂದು ಹೆಜ್ಜೆ ಮುಂದಿಟ್ಟ. ಅಮ್ಮ ಅವನ ತೋಳು ಹಿಡಿದಳೋ, ತಾನು ಬೀಳದಂತೆ ಆನಿಸಿಕೊಂಡಳೋ ನನಗೆ ತಿಳಿಯಲಿಲ್ಲ. ಪಟವನ್ನು ಎರಡು ತೋಳಲ್ಲಿ ಅಪ್ಪಿಕೊಂಡು, ಸ್ಟೂಲಿನಿಂದ ಇಳಿದು, ನಡುಮನೆಯ ನಡುವಿಗೆ ಬಂದೆ. ಗುಂಡಿನ ಹಿಂದೆ, ದಾರದ ನೇರಕ್ಕೆ ನಿಂತೆ. ಎಲ್ಲಿ ನಿಲ್ಲಬೇಕು ಎಂದು ಅಳೆಯಬೇಕಾಗಿರಲಿಲ್ಲ, ಹಲ್ಲಿನ ಬೇರು ಸುಮ್ಮನಾದ ಕಡೆ ನಿಂತೆ. ಅಪ್ಪನ ಬರೆದ ಮೀಸೆ ನನ್ನ ಎದೆಗೆ ಒತ್ತಿಕೊಂಡು ಕಾಣದಾಗಿತ್ತು.

ಗುಂಡು ತೆಂಕಲಿಗೆ ಹೋಯಿತು, ಬಡಗಲಿಗೆ ಬಂತು, ತೆಂಕಲಿಗೆ ಸ್ವಲ್ಪ ಹೋಯಿತು. ಖಾಲಿ ಜಗಲಿಯ ಮೇಲೆ ಹಳೆಯ ಕಂಬಳಿ ಮಡಚಿಟ್ಟಂತೆಯೇ ಇತ್ತು. ಎದುರು ಗೋಡೆಯಲ್ಲಿ ಪಟವಿದ್ದ ಜಾಗ ಸುಣ್ಣ ಮಾಸದೆ ಬೆಳ್ಳಗೆ ಕಾಣುತ್ತಿತ್ತು. ಎಲ್ಲರೂ ಗುಂಡನ್ನೇ ನೋಡುತ್ತಿದ್ದರು. ಅದು ಬೊಟ್ಟಿನ ಮೇಲೆ ಬಂದು ನಡುಗಿ, ನಿಂತಿತು.

ಅಣ್ಣ “ಸರಿ” ಎನ್ನಲಿಲ್ಲ.

ನನ್ನ ತೋಳು ಸೋಲುತ್ತಿತ್ತು. ಅಷ್ಟು ದೊಡ್ಡ ಪಟವನ್ನು ಆ ನಡುಮನೆಯಲ್ಲಿ ಎಲ್ಲಿ ಇಳಿಸಿದರೂ ಮನೆ ಆ ಕಡೆಗೆ ಹೋಗುತ್ತಿತ್ತು. ನಡುವೆಯೇ ನೆಲಕ್ಕೆ ಇಡೋಣವೆಂದರೆ ಎಡೆಯ ದಿನದ ಮಣೆ ಇರಲಿಲ್ಲ, ಅಪ್ಪನನ್ನು ಬರಿನೆಲಕ್ಕೆ ಇಡಲು ನನಗೂ ಮನಸ್ಸು ಬರಲಿಲ್ಲ. 

ಹೊರಗೆ ಸಿದ್ದಮ್ಮ ಎದ್ದು ಚೀಲವನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ಒಳಕೋಣೆಯ ಬಾಗಿಲು ತೆರೆದೇ ಇತ್ತು. ಅದರ ತೆಂಕಲ ಗೋಡೆ ನಾನು ನಿಂತಲ್ಲಿಂದಲೇ ಕಾಣುತ್ತಿತ್ತು, ಬರಿದಾಗಿ. ಮೊಳೆಗಳ ಡಬ್ಬಿ ಅಮ್ಮನ ತಲೆಯ ಪಕ್ಕದ ಗೂಡಿನಲ್ಲಿತ್ತು. ಅವಳು ಕೈ ಎತ್ತಿದರೆ ಸಿಗುತ್ತಿತ್ತು, ಆ ತಿರುಚಿದ ಕೈಗೂ ಸಿಗುತ್ತಿತ್ತು. ಗುಂಡು ನಿಂತು ಬಹಳ ಹೊತ್ತಾಗಿತ್ತು. ಯಾರು ಬೇಕಾದರೂ ಮಾತಾಡಬಹುದಿತ್ತು.

“ಅಮ್ಮ, ಒಂದು ಮೊಳೆ ಕೊಡು,” ಎಂದೆ.